ಸಮುದ್ರ ತೊಳೆದ ಲಕೋಟೆ

ಕಲೆ ಕಂಡರೆ ನನ್ನ ಬೆರಳು ಸುಮ್ಮನಿರುವುದಿಲ್ಲ. ಮದುವೆಮನೆಯಲ್ಲಿ ಪಕ್ಕದವರ ಜುಬ್ಬಾದ ಮೇಲೆ ಸಾಂಬಾರಿನ ಹನಿ ಬಿದ್ದರೆ, ಅವರು ಪಾಯಸಕ್ಕೆ ಕೈಚಾಚುವಷ್ಟರಲ್ಲಿ ನಾನು ಮನಸ್ಸಿನಲ್ಲೇ ಆ ಜುಬ್ಬಾ ಬಿಚ್ಚಿಸಿ ನೆನೆಹಾಕಿರುತ್ತೇನೆ. ಎಂಟನೆಯ ಇಯತ್ತೆಗೆ ಶಾಲೆ ಬಿಟ್ಟು, ಗದಗಿನ ಕಡೆಯಿಂದ ಚೆನ್ನೈಗೆ ಬಂದು, ಬೇರೆಯವರ ಲಾಂಡ್ರಿಯಲ್ಲಿ ಬಟ್ಟೆ ಹಿಂಡಿ, ಕಡೆಗೆ ವೇಲಚೇರಿಯಲ್ಲಿ ಸ್ವಂತ ಅಂಗಡಿ ಹಾಕಿದವನು ನಾನು. ಬೋರ್ಡಿನ ಮೇಲೆ ತಮಿಳಿನಲ್ಲಿ ಬರೆಸಿದ್ದೇನೆ: ಕಲೆ ಹೋಗದಿದ್ದರೆ ಕೂಲಿ ಬೇಡ. ಹಾಗೆ ಕೂಲಿ ಬಿಟ್ಟದ್ದು ಅಪರೂಪ. ಇದನ್ನು ಜಂಬದಿಂದಲೇ ಹೇಳುತ್ತಿದ್ದೇನೆ, ತಪ್ಪು ತಿಳಿಯಬೇಡಿ. ತಿಳಿದರೂ ಅಡ್ಡಿಯಿಲ್ಲ.

ಇಂಥವನಿಗೆ ದೇವರು ಹಚ್ಚಿದ ಹುಚ್ಚು ನೋಡಿ: ಹಳೆಯ ಲಕೋಟೆ ಕೂಡಿಸುವುದು. ಅದೂ ಬ್ರಿಟಿಷರ ಕಾಲದ ಮಲಯಾದಿಂದ ಮದ್ರಾಸಿಗೆ ಬಂದ ಲಕೋಟೆಗಳು. ತೊಳೆಯುವ ಮೊದಲು ಜೇಬು ತಡಕುವುದು ನಮ್ಮ ಕಸುಬಿನ ಮೊದಲ ಪಾಠ. ಒಮ್ಮೆ ಯಾರದೋ ಅಜ್ಜನ ಕೋಟಿನ ಒಳಜೇಬಿನಲ್ಲಿ ಒಂದು ಖಾಲಿ ಲಕೋಟೆ ಸಿಕ್ಕಿತು. ಮೇಲಿನ ಅಂಚೆಚೀಟಿಯಲ್ಲಿ ಗಡ್ಡದ ರಾಜನ ತಲೆ, ಪಿನಾಂಗಿನ ಮುದ್ರೆ. ಕೋಟು ತಂದವರು ಬಿಸಾಡಿ ಎಂದರು. ನಾನು ಬಿಸಾಡಲಿಲ್ಲ. ಅಲ್ಲಿಂದ ಶುರು. ಇಪೋ, ತೈಪಿಂಗ್, ಕ್ವಾಲಾಲಂಪುರ, ಈ ಭೂಗೋಳವೆಲ್ಲ ನನಗೆ ತಿಳಿದದ್ದು ಅಂಚೆಮುದ್ರೆಗಳಿಂದ, ಮೇಷ್ಟ್ರ ಕೋಲಿನಿಂದಲ್ಲ.

ಆದರೆ ಈ ಲೋಕದಲ್ಲಿ ಎಲ್ಲ ತಿರುವುಮುರುವು. ಅಂಚೆಮುದ್ರೆ ಅಂದರೇನು? ಚೊಕ್ಕಟವಾದ ಚೀಟಿಯ ಮೇಲೆ ಸರ್ಕಾರ ಬೇಕೆಂದೇ ಮೆತ್ತಿದ ಮಸಿ. ಬಲ್ಲವರು ಭೂತಗನ್ನಡಿ ಹಿಡಿದು ಆ ಮಸಿಯನ್ನೇ ಹೊಗಳುತ್ತಾರೆ. ನನಗೆ ಮೊದಮೊದಲು ಇದು ತಲೆಗೆ ಹತ್ತಲಿಲ್ಲ. ಮೆತ್ತಗಾಗಿದ್ದ ಆ ಪಿನಾಂಗ್ ಲಕೋಟೆಗೆ ತೆಳ್ಳಗೆ ಗಂಜಿ ಹಾಕಿ, ರೇಷ್ಮೆಯ ಹದಕ್ಕೆ ಇಸ್ತ್ರಿ ಮಾಡಿ, ಗರಿಗರಿಯಾಗಿ ಹಿಡಿದುಕೊಂಡು ಹೋಗಿ ರಾಯರಿಗೆ ತೋರಿಸಿದೆ. ರಾಯರು ಮೂರು ತಲೆಮಾರಿನಿಂದ ಇಲ್ಲೇ ಇರುವ ಮಾಧ್ವರು, ಬ್ಯಾಂಕಿನಿಂದ ನಿವೃತ್ತರು, ಈ ವಿದ್ಯೆಯಲ್ಲಿ ನನ್ನ ಗುರುಗಳು. ಲಕೋಟೆಯನ್ನು ಮೂಸಿ ನೋಡಿದರು.

"ಏನ್ ಶೆಟ್ಟ್ರೆ, ಗಂಜಿ ವಾಸನೆ ಬರ್ತಿದೆ?"

"ಹೌದ್ರಿ ರಾಯರ, ಕಾಲರ್‌ಗೆ ಹಾಕೋದನ್ನ ಹಾಕೇನಿ."

"ಕರ್ಮ! ಜಿರಳೆಗಳಿಗೆ ಎಲೆ ಹಾಕಿ ಸಾಪಾಡು ಬಡಿಸಿಟ್ಟಿದ್ದೀರಿ."

ಅವರ ಮಾತು ಸುಳ್ಳಾಗಲಿಲ್ಲ. ತಿಂಗಳೊಳಗೆ ಜಿರಳೆಗಳು ರಾಜನ ಅರ್ಧ ಗಡ್ಡ ಬೋಳಿಸಿದ್ದವು.

ನಿಜವಾದ ಪರೀಕ್ಷೆ ಬಂದದ್ದು ಈಚೆಗೆ. ಇನ್ನೊಬ್ಬ ಸಂಗ್ರಾಹಕರಿಂದ ಒಂದು ವಿಮಾನದಂಚೆಯ ಲಕೋಟೆ ಕೊಂಡೆ. ಅದನ್ನು ಹೊತ್ತ ವಿಮಾನ ಸಮುದ್ರಕ್ಕೆ ಬಿದ್ದಿತ್ತಂತೆ. ಚೀಲವನ್ನು ಮೇಲೆತ್ತಿ, ಒಣಗಿಸಿ, ಸಮುದ್ರದ ನೀರಿನಿಂದ ಕೆಟ್ಟಿದೆ ಎಂಬ ನೇರಳೆ ಮುದ್ರೆ ಒತ್ತಿ, ಮದ್ರಾಸಿನ ಜಾರ್ಜ್‌ಟೌನಿನ ವಿಳಾಸಕ್ಕೆ ಮುಟ್ಟಿಸಿದ್ದರು. ಅಂಚೆಚೀಟಿ ಕಳಚಿಹೋಗಿದೆ. ಮೈತುಂಬ ಕಂದು ಕಲೆ, ಉಪ್ಪಿನ ಗೆರೆ. ಇಂಥದ್ದು ತಮ್ಮ ಹತ್ತಿರವೂ ಇಲ್ಲ, ಮೈಲಾಪುರದ ಅಂಚೆಚೀಟಿ ಪ್ರದರ್ಶನಕ್ಕೆ ಇಡಲೇಬೇಕು ಎಂದರು ರಾಯರು. ಇಡುವುದೇನೋ ಸರಿ, ಕೆಳಗೆ ನನ್ನ ಹೆಸರನ್ನೂ ಲಾಂಡ್ರಿಯ ಹೆಸರನ್ನೂ ಹಾಕುತ್ತಾರಂತೆ. ಬರುವವರಲ್ಲಿ ನನ್ನ ಗಿರಾಕಿಗಳೂ ಇರುತ್ತಾರೆ. ಇಡೀ ಹಾಲಿನಲ್ಲಿ ಎಲ್ಲಕ್ಕಿಂತ ಕೊಳಕು ವಸ್ತುವಿನ ಕೆಳಗೆ ನನ್ನ ಹೆಸರು! ತೊಳೆದರೆ ಲಕೋಟೆ ಸತ್ತಂತೆ, ಹಾಗೇ ಇಟ್ಟರೆ ನನ್ನ ಬೋರ್ಡು ಸತ್ತಂತೆ.

ಆಮೇಲೆ ಕೂತಲ್ಲಿ ಕೂರಲಾಗಲಿಲ್ಲ. ಇಸ್ತ್ರಿ ಅರ್ಧಕ್ಕೆ ಬಿಟ್ಟು ಎದ್ದು ಹೋಗಿ ನೋಡುವುದು, ಬಂದು ಕೂರುವುದು, ಮತ್ತೆ ಏಳುವುದು. ಒಂದೇ ಒಂದು ಮೂಲೆ, ಇಷ್ಟೇ ಇಷ್ಟು ತೆಗೆದರೆ ಯಾರಿಗೆ ಗೊತ್ತಾಗುತ್ತದೆ? ಪ್ರದರ್ಶನದ ಹಿಂದಿನ ಮಧ್ಯಾಹ್ನ ಹತ್ತಿ, ಬಟ್ಟಿ ಇಳಿಸಿದ ನೀರು, ತುಕ್ಕು ತೆಗೆಯುವ ಔಷಧಿ ಎಲ್ಲ ಮೇಜಿಗೆ ಬಂದವು. ನಮ್ಮಲ್ಲಿ ಒಂದು ಕಟ್ಟುನಿಟ್ಟುಂಟು. ಯಾವ ಔಷಧಿಯನ್ನೂ ಮೊದಲು ಬಟ್ಟೆಯ ಒಳಮಡಿಕೆಗೆ ಹಚ್ಚಿ ನೋಡಬೇಕು. ಬಣ್ಣ ಬಿಟ್ಟರೂ ಕಾಣದ ಜಾಗ ಅದು. ಲಕೋಟೆಯನ್ನು ಹಿಂದೆ ಮುಂದೆ ತಿರುಗಿಸಿದೆ. ಮುಂದೆ ವಿಳಾಸ, ಹಿಂದೆ ಮುದ್ರೆ, ಅಂಚಿಗೆ ಉಪ್ಪು. ಒಳಮೈಯನ್ನಂತೂ ರಾಯರು ಟಾರ್ಚ್ ಬಿಟ್ಟು ನೋಡುವವರು. ಕಾಣದ ಜಾಗವೇ ಇಲ್ಲ! ಒಳಮಡಿಕೆಗೆ ಕೇಳದೆ ನಾನು ಯಾವುದಕ್ಕೂ ಔಷಧಿ ಹಚ್ಚಿದವನಲ್ಲ. ಹತ್ತಿ ಕೈಯಲ್ಲೇ ಒಣಗಿತು.

ನನ್ನ ಹೆಂಡತಿ ಗಿರಿಜಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ತೊಳೀರಿ, ತೊಳೀರಿ. ಆಮ್ಯಾಲ ಇದು ಸಮುದ್ರಕ್ಕ ಬಿದ್ದಿತ್ತು ಅಂತ ಸಾಕ್ಷಿ ಹೇಳಾಕ ಒಂದು ಮೀನ ಕರಕೊಂಡು ಬರ್ರಿ."

ಬಾಟಲಿಗೆ ಮುಚ್ಚಳ ಹಾಕಿದೆ.

ಮರುದಿನ ಲಕೋಟೆ ಗಾಜಿನ ಕೆಳಗೆ ಕೂತಿತು. ನಾನು ಕೂರಲಿಲ್ಲ. ಅದನ್ನು ಒರೆಸಲಾಗದ ಸಂಕಟಕ್ಕೆ ಗಾಜನ್ನೇ ಕರ್ಚೀಫಿನಿಂದ ಒರೆಸುತ್ತ ನಿಂತೆ. ಅಂಜಿದಂತೆಯೇ ವಿಶಾಲಂ ಮಾಮಿ ಬಂದರು. ಅವರ ಮನೆಯ ರೇಷ್ಮೆಯೆಲ್ಲ ನನ್ನ ಅಂಗಡಿಗೇ ಬರುವುದು. ಕನ್ನಡಕ ಸರಿಮಾಡಿಕೊಂಡು ಲಕೋಟೆ ನೋಡಿದರು, ಹೆಸರು ನೋಡಿದರು, ನನ್ನನ್ನು ನೋಡಿದರು.

"ಅಯ್ಯಯ್ಯೋ ಶೆಟ್ಟ್ರೆ, ನನ್ನ ಪಟ್ಟುಸೀರೆ ಮೇಲಿನ ಎಣ್ಣೆ ತೆಗೆದುಕೊಟ್ಟವರು ನೀವೇ ತಾನೆ? ಇದನ್ನ ಯಾಕೆ ಹೀಗೇ ವಿಟ್ಟುಬಿಟ್ರಿ?"

"ಇದನ್ನ ಸಮುದ್ರನ ತೊಳದು ಕಳಿಸೇತ್ರಿ ಮಾಮಿ," ಎಂದೆ. "ಅದರ ಮ್ಯಾಲ ನನ್ನ ಕೈ ಏನು ನಡೀತೇತ್ರಿ?"

ಬಾಯಿಂದ ತಾನಾಗಿ ಬಂದ ಮಾತು. ಆಡಿದ ಮೇಲೆ ನನಗೇ ಸ್ವಲ್ಪ ನಿರಾಳವಾಯಿತು. ಮಳೆ ಜೋರಾದರೆ ಮುಳುಗುವ ವೇಲಚೇರಿಯಲ್ಲಿ ಅಂಗಡಿ ಇಟ್ಟವನಿಗೆ ನೀರಿನ ಕೈವಾಡ ಗೊತ್ತು. ಅಷ್ಟೆಲ್ಲ ನೀರು ಸೇರಿಯೂ ಜಾರ್ಜ್‌ಟೌನಿನ ಆ ಮನೆಯ ವಿಳಾಸವನ್ನು ಅಳಿಸಿರಲಿಲ್ಲ. ಅಳಿಸಲು ನಾನು ಹೊರಟಿದ್ದೆ.

ಆಮೇಲೊಂದು ಚಟ ಅಂಟಿಕೊಂಡಿತು. ಮಾಮಿ ಮೊನ್ನೆ ತಮ್ಮ ಯಜಮಾನರ ಶಾಲು ತಂದರು, ಕಾಫಿ ಕಲೆ. "ಇದು ಹೋಗಬೇಕ್ರೋ, ಇರಬೇಕ್ರೋ?" ಎಂದು ಕೇಳಿಬಿಟ್ಟೆ.

ಮಾಮಿ ನನ್ನ ಬೋರ್ಡು ನೋಡಿದರು. "ಏನ್ ಶೆಟ್ಟ್ರೆ, ಉಡಂಬು ಸರಿ ಇಲ್ವಾ, ಜ್ವರ ಗಿರ ಬಂದಿದೆಯಾ? ತೆಗೀರಿ, ತೆಗೀರಿ. ನಾಳೆ ಅವರು ಹೊಸ ಕಲೆ ಮಾಡಿಕೊಡ್ತಾರೆ."

ಅದೂ ಸರಿಯೇ. ಮನುಷ್ಯ ಮನೆಯಲ್ಲಿ ಕಾಫಿ ಕುಡಿಯುತ್ತಿರುವ ತನಕ ಕಲೆಯನ್ನು ಧಾರಾಳವಾಗಿ ತೊಳೆಯಬಹುದು. ಆ ವಿಮಾನ ಮಾತ್ರ ಇನ್ನೊಮ್ಮೆ ಬೀಳಲಾರದು. ಶಾಲಿನ ಒಳಮಡಿಕೆ ಹುಡುಕಿ ಔಷಧಿ ಹಚ್ಚಿದೆ, ಬೆರಳಿಗೆ ಸಮಾಧಾನವಾಯಿತು.