ದ್ವಿತೀಯ ಭಾಷೆ ಇಂಗ್ಲಿಷ್

ಅಚ್ಯುತ ಸಣ್ಣ ಮನುಷ್ಯ. ಎತ್ತರದ ಮಾತಲ್ಲ, ಎತ್ತರ ಆರಡಿಗೆ ಒಂದೇ ಇಂಚು ಕಡಿಮೆ. ವಿದ್ಯೆಯ ಮಾತೂ ಅಲ್ಲ, ಲೀಡ್ಸ್‌ನಲ್ಲಿ ಎಂ.ಎಸ್‌ಸಿ. ಮಾಡಿದ್ದಾನೆ. ನಾನು ಹೇಳುತ್ತಿರುವುದು ಮನಸ್ಸಿನ ಅಳತೆ. ಹದಿನೇಳು ವರ್ಷದಿಂದ ಅವನನ್ನು ಬಲ್ಲೆ. ಈ ಹದಿನೇಳು ವರ್ಷದಲ್ಲಿ ಅವನು ಯಾರಿಗಾಗಿಯಾದರೂ ಕೂದಲೆಳೆಯಷ್ಟು ಸಡಿಲಗೊಂಡದ್ದನ್ನು ಕಂಡಿಲ್ಲ.

ಸಾಕ್ಷಿ ಬೇಕಾದರೆ ಕೊಡುತ್ತೇನೆ. ಬರ್ಮಿಂಗ್‌ಹ್ಯಾಮಿನ ನಮ್ಮ ಕನ್ನಡ ಕೂಟದ ರಾಜ್ಯೋತ್ಸವದಲ್ಲಿ ಒಮ್ಮೆ ಎಂಟು ವರ್ಷದೊಳಗಿನ ಮಕ್ಕಳಿಗೆ ಛದ್ಮವೇಷ ಸ್ಪರ್ಧೆ ಇತ್ತು. ಉಮೇಶನ ಮಗಳು ಒನಕೆ ಓಬವ್ವನಾಗಿ, ಒನಕೆ ಸಿಗದೆ ಲಟ್ಟಣಿಗೆ ಹಿಡಿದು, ಸಾಲಿನಲ್ಲಿ ನಿಂತಿತ್ತು. ಬಾಗಿಲಲ್ಲಿ ಪಟ್ಟಿ ಹಿಡಿದು ಕೂತಿದ್ದ ಅಚ್ಯುತ ಜನ್ಮದಿನಾಂಕ ನೋಡಿ, ಬೆರಳು ಮಡಚಿ, ಮಗುವಿಗೆ ಎಂಟು ವರ್ಷ ನಾಲ್ಕು ದಿನ ಎಂದು ಹೊರಗೆ ಕಳಿಸಿದ.

"ನಾಲ್ಕು ದಿನ ಕಣಯ್ಯಾ!" ಎಂದ ಉಮೇಶ.

"ನಾಲ್ಕು ದಿನಾನೂ ದಿನಾನೇ."

ಒನಕೆ ಓಬವ್ವ ಅಮ್ಮನ ಸೆರಗಿಗೆ ಮೂಗು ಒರೆಸಿಕೊಂಡು ಅತ್ತಳು. ಚಿತ್ರದುರ್ಗದ ಕೋಟೆ ಉಳಿಸಿದವಳಿಗೆ ಅಚ್ಯುತನ ಬಾಗಿಲು ದಾಟಲಾಗಲಿಲ್ಲ.

ಇಂಥವನಿಗೆ ಯಾವ ಕೆಲಸ ಸಿಗಬೇಕೋ ಅದೇ ಸಿಕ್ಕಿದೆ. ನಗರದ ಒಂದು ಶಿಕ್ಷಕ ತರಬೇತಿ ಸಂಸ್ಥೆಯ ಪ್ರವೇಶ ವಿಭಾಗದಲ್ಲಿ ಕೂತು, ಹೊರದೇಶದ ಸರ್ಟಿಫಿಕೇಟುಗಳನ್ನು ಇಲ್ಲಿನವುಗಳ ಜೊತೆ ತೂಗುತ್ತಾನೆ. ಯಾವ ದೇಶದ ಯಾವ ಪರೀಕ್ಷೆ ಇಲ್ಲಿನ ಯಾವುದಕ್ಕೆ ಸಮ ಎಂದು ಹೇಳುವ ನಲವತ್ತು ಪುಟದ ಒಂದು ಕೋಷ್ಟಕವಿದೆ. ಅದರ ಪಾಲಕ ಅವನು.

ಈ ದೇಶದಲ್ಲಿ ಶಾಲೆಯ ಮೇಷ್ಟರಾಗಲು ಹೊರಟವರು ಜಿಸಿಎಸ್‌ಇ ಮಟ್ಟದ ಇಂಗ್ಲಿಷ್ ಮತ್ತು ಗಣಿತ ತೋರಿಸಬೇಕು. ಜಿಸಿಎಸ್‌ಇ ಎಂದರೆ ನಮ್ಮ ಎಸ್‌ಎಸ್‌ಎಲ್‌ಸಿಯ ಹಾಗೆ, ಹದಿನಾರರ ಮಕ್ಕಳು ಬರೆಯುವ ಪರೀಕ್ಷೆ. ದರ್ಜೆ ಒಂದರಿಂದ ಒಂಬತ್ತರವರೆಗೆ; ಒಂಬತ್ತು ಬಂದರೆ ಮೆರವಣಿಗೆ, ನಾಲ್ಕು ಬಂದರೆ ಪಾಸು. ಹಿಂದೆ ಕರ್ನಾಟಕದ ಎಸ್‌ಎಸ್‌ಎಲ್‌ಸಿಯಲ್ಲಿ ಅರವತ್ತು ಅಂಕ ಬಂದಿದ್ದರೆ ಈ ಸಂಸ್ಥೆಯವರು ಅದನ್ನು ನಾಲ್ಕಕ್ಕೆ ಸಮ ಎಂದು ಒಪ್ಪುತ್ತಿದ್ದರು. ಒಂದೆರಡು ಅಂಕ ಕಡಿಮೆಯಾದವರಿಗೆ ತಾವೇ ಒಂದು ಕಿರುಪರೀಕ್ಷೆ ಇಟ್ಟು ಒಳಗೆ ಬಿಡುತ್ತಿದ್ದರು. ಹೋದ ವರ್ಷ ಕೋಷ್ಟಕ ಪರಿಷ್ಕರಣೆಯಾಯಿತು. ಪರಿಷ್ಕರಣೆ ಎಂದರೆ, ಅಚ್ಯುತ ಕರಡು ಬರೆದ, ಮೂವರು ಬಿಸ್ಕತ್ತು ತಿನ್ನುತ್ತ ಒಪ್ಪಿದರು. ಇಂಗ್ಲಿಷನ್ನು ಪ್ರಥಮ ಭಾಷೆಯಾಗಿ ಓದಿದ್ದರೆ ಮಾತ್ರ ಸಮಾನ. ದ್ವಿತೀಯ ಭಾಷೆಯಾಗಿ ಓದಿದ್ದರೆ ಅಲ್ಲ. ಮುಂದೆ ಪಡೆದ ಯಾವ ಪದವಿಯೂ ಆ ಕೊರತೆಯನ್ನು ತುಂಬುವುದಿಲ್ಲ. ಕಿರುಪರೀಕ್ಷೆ ರದ್ದು. ಈಗಾಗಲೇ ಒಳಗಿರುವ ವಿದ್ಯಾರ್ಥಿಗಳಿಗಾಗಲಿ ಸಿಬ್ಬಂದಿಗಾಗಲಿ ಈ ನಿಯಮ ಅನ್ವಯಿಸುವುದಿಲ್ಲ.

ಅಂದರೆ, ಕನ್ನಡ ಮಾಧ್ಯಮದಲ್ಲಿ ಓದಿ, ಈ ಊರಿನ ವಿಶ್ವವಿದ್ಯಾಲಯದಲ್ಲಿ ಮೂವತ್ತು ವರ್ಷ ಸಂಖ್ಯಾಶಾಸ್ತ್ರ ಕಲಿಸಿ ನಿವೃತ್ತಳಾದ ನಾನು, ಇವತ್ತು ಅರ್ಜಿ ಹಾಕಿದರೆ, ಮಗ್ಗಿ ಹೇಳಿಕೊಡಲು ಅನರ್ಹಳು. ಇತ್ತ ಊರಿನ ಬಸ್ಸುಗಳ ಬೆನ್ನ ಮೇಲೆಲ್ಲ 'ಗಣಿತದ ಶಿಕ್ಷಕರು ಬೇಕಾಗಿದ್ದಾರೆ, ಬನ್ನಿ' ಎಂದು ಜಾಹೀರಾತು.

ಆ ಬಸ್ಸನ್ನು ನಂಬಿ ಹೊರಟವಳು ಬೃಂದಾ. ಧಾರವಾಡದವಳು, ಗಣಿತದಲ್ಲಿ ಎಂ.ಎಸ್‌ಸಿ., ಚಿನ್ನದ ಪದಕ. ಗಂಡನ ಕೆಲಸದ ಹಿಂದೆ ಈ ದೇಶಕ್ಕೆ ಬಂದು, ಆರು ವರ್ಷದಿಂದ ಒಂದು ಶಾಲೆಯಲ್ಲಿ ಸಹಾಯಕಿ. ಅಲ್ಲಿ ಗಣಿತದ ಮೇಷ್ಟರು ಸಿಗದೆ ವ್ಯಾಯಾಮದ ಮೇಷ್ಟರು ಬೀಜಗಣಿತ ಹೇಳಿಕೊಡುತ್ತಾರೆ. ಅವರು ಬೋರ್ಡಿನ ಮೇಲೆ ತಪ್ಪಿದಾಗಲೆಲ್ಲ ಬೃಂದಾ ಹಿಂದಿನಿಂದ ಒಮ್ಮೆ ಕೆಮ್ಮುತ್ತಾಳೆ, ಅವರು ಅಳಿಸುತ್ತಾರೆ. ಆರು ವರ್ಷ ಕೆಮ್ಮಿದ ಮೇಲೆ ತಾನೇ ಏಕೆ ಬೋರ್ಡಿನ ಮುಂದೆ ನಿಲ್ಲಬಾರದು ಎಂದು ಅಚ್ಯುತನ ಸಂಸ್ಥೆಗೆ ಅರ್ಜಿ ಹಾಕಿದಳು. ಸಂದರ್ಶನದಲ್ಲಿ ಹೊಗಳಿ ಸೀಟು ಕೊಟ್ಟರು, ಒಂದು ಷರತ್ತಿನ ಮೇಲೆ: ಆಗಸ್ಟ್ ಮೂವತ್ತೊಂದರೊಳಗೆ ಇಂಗ್ಲಿಷಿನಲ್ಲಿ ನಾಲ್ಕು ತೋರಿಸಬೇಕು. ಇಲ್ಲವಾದರೆ ಸೀಟು ಇಲ್ಲ.

ಇಂಥ ಹೊತ್ತಿನಲ್ಲಿ ನಮ್ಮ ಜನ ಏನು ಮಾಡುತ್ತಾರೋ ಬೃಂದಾ ಅದನ್ನೇ ಮಾಡಿದಳು. ಶಿಫಾರಸಿಗೆ ಒಬ್ಬ ಹಿರಿಯರನ್ನು ಹುಡುಕಿದಳು. ಆ ಹಿರಿಯಳು ನಾನು. ಏಳು ಸಮುದ್ರ ದಾಟಿದರೂ ನಮಗೆ ಕಚೇರಿಯ ಬಾಗಿಲಿಗಿಂತ ಅಧಿಕಾರಿಯ ಮನೆಯ ಬಾಗಿಲ ಮೇಲೇ ವಿಶ್ವಾಸ.

ಜನವರಿಯ ಒಂದು ಭಾನುವಾರ ಸಟನ್ ಕೋಲ್ಡ್‌ಫೀಲ್ಡಿನ ಅವನ ಮನೆಗೆ ಹೋದೆವು. ಬಾಗಿಲು ತೆಗೆದವಳು ಅವನ ಹೆಂಡತಿ ಸೌಮ್ಯಾ.

"ಬನ್ನಿ ಮೇಡಂ. ಶೂ ಎಡಗಡೆ ಬಿಡಿ, ಬಲಗಡೆ ಅವರದ್ದು. ಅದಕ್ಕೂ ಇಲ್ಲಿ ರೂಲ್ ಇದೆ."

ಬೃಂದಾ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ತೆಗೆದು ಕೊಟ್ಟಳು. ಅಚ್ಯುತ ಅದನ್ನು ಬೆಳಕಿಗೆ ಹಿಡಿದ.

"ಲ್ಯಾಮಿನೇಟ್ ಮಾಡ್ಸಿದೀರ."

"ನಮ್ಮಪ್ಪ ಮಾಡ್ಸಿದ್ರು. ರಿಸಲ್ಟ್ ಬಂದ ವಾರಾನೇ."

"ಮಾಡ್ಸಬಾರ್ದು." ಇನ್ನೂ ನೋಡುತ್ತಲೇ ಇದ್ದ. "ಕನ್ನಡ ನೂರಿಪ್ಪತ್ತೈದಕ್ಕೆ ನೂರಾ ಹದಿನೆಂಟು. ಗಣಿತ ನೂರಕ್ಕೆ ನೂರು. ಇಂಗ್ಲಿಷ್ ಎಂಬತ್ತೊಂದು, ಸೆಕೆಂಡ್ ಲ್ಯಾಂಗ್ವೇಜ್. ಕನ್ನಡ ಮೀಡಿಯಮ್ಮಾ?"

"ಹೌದು. ಸರ್ಕಾರಿ ಶಾಲೆ."

ಅಂಕಪಟ್ಟಿಯಲ್ಲಿ ನೋಡಲು ಅಷ್ಟೊಂದು ಇರಲಿಲ್ಲ. ಆದರೂ ಅವನು ಅದನ್ನು ಕೆಳಗಿಡಲಿಲ್ಲ. ಇನ್ನೊಂದು ತಪ್ಪು ಹುಡುಕುತ್ತಿದ್ದಾನೆ ಎಂದುಕೊಂಡೆ.

"ಅಚ್ಯುತ," ಎಂದೆ, "ಇವಳು ಎಂ.ಎಸ್‌ಸಿ. ಪೂರ್ತಿ ಇಂಗ್ಲಿಷಲ್ಲೇ ಬರೆದಿದಾಳೆ."

"ಕೋಷ್ಟಕದಲ್ಲಿ ಅದಕ್ಕೆ ಕಾಲಂ ಇಲ್ಲ ಮೇಡಂ."

"ಕೋಷ್ಟಕ ಬರೆದೋನು ನೀನೇ ಅಲ್ವೇನಪ್ಪಾ?"

"ಹೌದು. ಅದಕ್ಕೇ ಗೊತ್ತು, ಕಾಲಂ ಇಲ್ಲ."

ಕಾಫಿ ತಂದ ಸೌಮ್ಯಾ ನಕ್ಕಳು. "ಇವರ ಹತ್ರ ಕೇಳ್ತಿದೀರಲ್ಲ ಮೇಡಂ! ಹೋದ ವರ್ಷ ಬೇಸಿಗೇಲಿ ಎರಡು ಸಲ ಆಫೀಸ್ ಕೆಲಸ ಅಂತ ಮ್ಯಾಂಚೆಸ್ಟರ್‌ಗೆ ಹೋಗ್ಬಂದ್ರು. ನಮ್ಮಕ್ಕ ಅಲ್ಲೇ ಇದಾಳೆ, ಹತ್ತು ನಿಮಿಷ ಮುಖ ತೋರಿಸಿ ಬನ್ನಿ ಅಂದೆ. ಶೆಡ್ಯೂಲಲ್ಲಿ ಇಲ್ಲ ಅಂದ್ಬಿಟ್ರು. ಸ್ವಂತ ಹೆಂಡ್ತಿ ಅಕ್ಕನಿಗೇ ಕಾಲಂ ಇಲ್ಲ, ಇನ್ನು ನಿಮಗೆ ಎಲ್ಲಿಂದ ತರ್ತಾರೆ?"

ಅಚ್ಯುತ ಅಂಕಪಟ್ಟಿಯನ್ನು ಬೃಂದಾಳಿಗೆ ಹಿಂದಿರುಗಿಸಿದ. ಎದ್ದು ಒಳಗೆ ಹೋಗಿ ಒಂದು ಹಾಳೆ ಪ್ರಿಂಟ್ ಮಾಡಿ ತಂದ. "ಜಿಸಿಎಸ್‌ಇ ಇಂಗ್ಲಿಷ್, ಮೇ ತಿಂಗಳಲ್ಲಿ. ಹೊರಗಿನೋರೂ ಕಟ್ಟಬಹುದು. ಹತ್ತಿರದ ಸ್ಕೂಲುಗಳ ಪಟ್ಟಿ ಕೆಳಗಡೆ ಇದೆ. ಬರೋ ಶುಕ್ರವಾರ ಬಿಟ್ಟು ಮುಂದಿನ ಶುಕ್ರವಾರ ಕಡೇ ದಿನ. ರಿಸಲ್ಟ್ ಆಗಸ್ಟ್ ಮೂರನೇ ವಾರ. ನಿಮ್ಮ ಡೇಟಿಗೆ ಸರಿಹೋಗತ್ತೆ."

ನಾಲ್ಕು ಜನರ ನಡುವೆ ಬೆಂಗಳೂರಿನ ಕನ್ನಡ ಆಡುವ ಬೃಂದಾಳಿಗೆ ಸಿಟ್ಟು ಬಂದರೆ ಧಾರವಾಡ ಹೊರಬೀಳುತ್ತದೆ. "ಹದಿನಾರು ವರ್ಷದ ಹುಡುಗ್ರ ಜೋಡಿ ಕುಂತು ಪರೀಕ್ಷಾ ಬರೀಲೇನ್ರಿ ನಾ? ನನ್ನ ಮಗಾನ ಮುಂದಿನ ವರ್ಷ ಬರೀತಾನ!"

"ಬರೀಬಹುದು," ಎಂದ ಅಚ್ಯುತ. "ವಯಸ್ಸಿನ ಮಿತಿ ಇಲ್ಲ."

ಛದ್ಮವೇಷಕ್ಕೆ ಇದ್ದ ಮಿತಿ ಇದಕ್ಕಿರಲಿಲ್ಲ. ಅಷ್ಟರಮಟ್ಟಿಗೆ ಉದಾರಿ.

ಕಾರಿನಲ್ಲಿ ಬೃಂದಾ, "ಕಲ್ಲು ರೀ ಅಂವಾ, ಕಲ್ಲು," ಎಂದಳು.

"ಕಲ್ಲಿಗೆ ಯಾಕೆ ಅವಮಾನ ಮಾಡ್ತೀಯ?" ಎಂದೆ.

ಆದರೂ ಹಟಕ್ಕೆ ಬಿದ್ದು ಆ ಶುಕ್ರವಾರದೊಳಗೆ ಅರ್ಜಿ ಹಾಕಿದಳು. ಪಟ್ಟಿಯಲ್ಲಿದ್ದ ಶಾಲೆಗಳಲ್ಲಿ ಅವಳು ಆರಿಸಿಕೊಂಡದ್ದು ನಾನು ಪ್ರತಿ ಬೇಸಿಗೆ ಪರೀಕ್ಷಾ ಕೊಠಡಿಯ ಮೇಲ್ವಿಚಾರಕಿಯಾಗಿ ಕೆಲಸ ಮಾಡುವ ಶಾಲೆ. ಅಭ್ಯರ್ಥಿಯೊಬ್ಬಳು ನನ್ನ ಪರಿಚಯದವಳು ಎಂದು ಶಾಲೆಗೆ ಬರೆದು ತಿಳಿಸಿದೆ. ಅದೂ ನಿಯಮವೇ, ಆದರೆ ನಾನು ಪಾಲಿಸುವ ನಿಯಮಗಳಿಗೆ ಕಾರಣವಿರುತ್ತದೆ.

ನಾಲ್ಕು ತಿಂಗಳು ಪ್ರತಿ ಶನಿವಾರ ಎಜ್‌ಬಾಸ್ಟನ್ನಿನ ನನ್ನ ಮನೆಗೆ ಬಂದು ಕಲಿತಳು. ಅವಳ ವ್ಯಾಕರಣ ಶುದ್ಧ. ತೊಡಕಿದ್ದದ್ದು ಬೇರೆ ಕಡೆ. ಪರೀಕ್ಷೆಯಲ್ಲಿ ಒಂದು ಚಿತ್ರ ಕೊಟ್ಟು ವರ್ಣಿಸು ಎನ್ನುತ್ತಾರೆ. ಸಮುದ್ರತೀರದ ಚಿತ್ರ ಕೊಟ್ಟರೆ ಇವಳು, ಹನ್ನೊಂದು ದೋಣಿಗಳಿವೆ, ಅವುಗಳಲ್ಲಿ ನಾಲ್ಕು ನೀಲಿ, ಎಂದು ಬರೆದಳು. "ಇದು ವರ್ಣನೆ ಅಲ್ಲ, ಜನಗಣತಿ," ಎಂದೆ. ಮೂರನೇ ತಿಂಗಳಲ್ಲಿ ದೋಣಿಗಳು ಎಣಿಕೆ ಬಿಟ್ಟು ತೇಲಲು ಶುರುಮಾಡಿದವು.

ಈ ನಡುವೆ ಕೂಟದಲ್ಲಿ ಸುದ್ದಿ ಹಬ್ಬಿತು. ಹಬ್ಬಿಸಿದವಳು ನಾನೇ; ಸಂಕೋಚವೇನಿಲ್ಲ. ಯುಗಾದಿಯ ಊಟದ ಸಾಲಿನಲ್ಲಿ ಅಚ್ಯುತನ ಹಿಂದೆ ಮುಂದೆ ಒಂದೊಂದು ಮಾರು ಖಾಲಿ. ಉಮೇಶನಿಗೆ ಓಬವ್ವನ ಸೇಡು ಇತ್ತು.

"ಏನಪ್ಪಾ ಅಚ್ಯುತ, ಹೋಳಿಗೆ ಇಲ್ಲಿನ ಯಾವುದಕ್ಕೆ ಸಮ? ಪ್ಯಾನ್‌ಕೇಕಿಗೋ, ಪುಡ್ಡಿಂಗಿಗೋ? ಕೋಷ್ಟಕ ನೋಡಿ ಹೇಳು!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಅಚ್ಯುತ "ಒಬ್ಬರಿಗೆ ಎರಡು," ಎಂದು ತನ್ನ ಎರಡನ್ನು ತಟ್ಟೆಗೆ ಹಾಕಿಕೊಂಡು ಮೂಲೆಯ ಮೇಜಿಗೆ ಹೋದ.

ಮೇ ತಿಂಗಳಲ್ಲಿ ಪರೀಕ್ಷೆ ಬಂತು. ಶಾಲೆಯ ಜಿಮ್ನಾಷಿಯಂನಲ್ಲಿ ಸಾಲು ಸಾಲು ಮೇಜು. ಸಮವಸ್ತ್ರದ ಮಕ್ಕಳಿಗೆ ಮುಂಬಾಗಿಲು, ಹೊರಗಿನ ಅಭ್ಯರ್ಥಿಗಳಿಗೆ ಪಕ್ಕದ ಬಾಗಿಲು. ಆ ಪಕ್ಕದ ಬಾಗಿಲಲ್ಲಿ ನಾನು. ಫೋಟೋ ಇರುವ ಗುರುತಿನ ಚೀಟಿ ನೋಡಿ, ಮುಖ ನೋಡಿ, ಪಟ್ಟಿಯಲ್ಲಿ ಗುರುತು ಹಾಕುವುದು ನನ್ನ ಕೆಲಸ. ಏಳು ಹೆಸರಿನ ಪಟ್ಟಿ ಆಗಷ್ಟೇ ಕೈಗೆ ಬಂದಿತ್ತು.

ಬೃಂದಾ ಬಂದಳು. ಕೈಯಲ್ಲಿ ಕ್ಲಿಪ್ಪಿನ ಪರೀಕ್ಷಾ ಪ್ಯಾಡು, ಎರಡು ನೀಲಿ ಬಾಲ್ ಪೆನ್ನು, ಹಣೆಯಲ್ಲಿ ಕುಂಕುಮದ ಮೇಲೆ ಚಿಟಿಕೆ ವಿಭೂತಿ. ಇಪ್ಪತ್ತಮೂರು ವರ್ಷದ ಹಿಂದೆ ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಹೇಗೆ ಹೋಗಿದ್ದಳೋ ಹಾಗೆಯೇ. ಅಷ್ಟರಲ್ಲಿ ಒಬ್ಬ ಹುಡುಗಿ ಓಡಿಬಂದು, ಬ್ಯಾಗು ಎಲ್ಲಿಡಬೇಕು ಮಿಸ್, ಎಂದು ಅವಳನ್ನು ಕೇಳಿತು. ಗೆಳತಿ ಪಕ್ಕದಿಂದ, ಅವರು ಮಿಸ್ ಅಲ್ಲ, ಅವರೂ ಬರೆಯುತ್ತಾರೆ ಎಂದಿತು. ಇಬ್ಬರೂ ಬಾಯಿ ಮುಚ್ಚಿಕೊಂಡು ನಕ್ಕರು.

ಬೃಂದಾಳ ಮುಖ ಸುಣ್ಣವಾಯಿತು. "ಮೇಡಂ, ನಾ ಹೊಂಟೆ ರೀ. ಸೀಟು ಹೋದ್ರ ಹೋಗ್ಲಿ. ಇದು ನನ್ನ ಕೈಲೆ ಆಗೂದಿಲ್ಲ."

ನಾನು ಬಾಗಿಲು ಬಿಟ್ಟು ಕದಲುವಂತಿರಲಿಲ್ಲ. ಅವಳು ತಿರುಗಿದಳು. ತಿರುಗಿದವಳು ಸಾಲಿನ ಕೊನೆಯಲ್ಲಿ ನಿಂತವನಿಗೆ ಡಿಕ್ಕಿ ಹೊಡೆದಳು. ಪಾರದರ್ಶಕ ಪೌಚು, ಡ್ರೈವಿಂಗ್ ಲೈಸೆನ್ಸು, ಇಸ್ತ್ರಿ ಮಾಡಿದ ಶರ್ಟು. ಅಚ್ಯುತ.

"ನೀವು ಇಲ್ಲಿಗೂ ಬಂದ್ರೇನು?" ಎಂದಳು ಬೃಂದಾ. "ನಾ ಕಾಪಿ ಹೊಡಿತೀನೇನ್ ನೋಡಾಕ?"

"ಇಲ್ಲ. ಬರಿಯೋಕೆ."

"ಏನ್ ಬರಿಯಾಕ?"

"ಇದನ್ನೇ. ನನ್ನದೂ ಸೆಕೆಂಡ್ ಲ್ಯಾಂಗ್ವೇಜೇ. ಮಳವಳ್ಳಿ ಹತ್ರ, ಸರ್ಕಾರಿ ಶಾಲೆ."

ಪಟ್ಟಿ ನೋಡಿದೆ. ಏಳನೆಯ ಹೆಸರು ಅವನದೇ. ಮನೆತನದ ಹೆಸರು ಮುಂದಿದ್ದದ್ದರಿಂದ ಹೊಳೆದಿರಲಿಲ್ಲ. ಲೈಸೆನ್ಸು ತೆಗೆದುಕೊಂಡು ಫೋಟೋ ನೋಡಿದೆ, ಮುಖ ನೋಡಿದೆ, ಮತ್ತೆ ಫೋಟೋ ನೋಡಿದೆ.

"ನಿನ್ನನ್ನ ಯಾರು ಕೇಳಿದ್ರು?" ಎಂದೆ. "ಒಳಗಿರೋರಿಗೆ ಈ ರೂಲ್ ಇಲ್ವಲ್ಲ."

"ಇಲ್ಲ ಮೇಡಂ. ಯಾರೂ ಕೇಳಿಲ್ಲ."

"ಮತ್ತೆ?"

"ಕೋಷ್ಟಕ ಬರೆದೋನು ನಾನೇ ಅಲ್ವಾ ಮೇಡಂ." ಬೃಂದಾಳ ಕಡೆ ತಿರುಗಿದ. "ಇದು ಎರಡನೇ ಸಲ. ಹೋದ ವರ್ಷ ಮ್ಯಾಂಚೆಸ್ಟರಲ್ಲಿ ಬರೆದೆ. ಅಲ್ಲಿ ಗುರುತಿನೋರು ಯಾರೂ ಸಿಗಲ್ಲ ಅಂತ."

"ಎಷ್ಟ್ ಬಂತ್ರಿ?"

"ಮೂರು."

ಅವನನ್ನು ನೋಡಿ ನಗಲು ಹದಿನೇಳು ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಅವಕಾಶ ನನಗೆ ಒದಗಿರಲಿಲ್ಲ. ಬಳಸಿಕೊಳ್ಳಲಿಲ್ಲ. ಲೈಸೆನ್ಸು ಹಿಂದಿರುಗಿಸಿ ಹೆಸರಿನ ಮುಂದೆ ಗುರುತು ಹಾಕಿದೆ.

"ಚಿತ್ರ ಕೊಟ್ಟು ವರ್ಣಿಸು ಅಂತಾರೆ," ಎಂದ ಅವನು, ಬೃಂದಾಳಿಗೆ. "ನಾನು ನಂಬರ್ ಹಾಕಿ ಪಾಯಿಂಟ್ ಪಾಯಿಂಟಾಗಿ ಬರೆದೆ. ಹಾಗೆ ಬರೀಬೇಡಿ." ಆಮೇಲೆ ಅವಳ ಕೈ ನೋಡಿದ. "ಪ್ಯಾಡ್ ಬೇಕಾಗಲ್ಲ, ಮೇಜಿರತ್ತೆ. ನೀಲಿ ನಡೆಯಲ್ಲ, ಕಪ್ಪೇ ಆಗ್ಬೇಕು. ಹೋದ ಸಲ ನಾನೂ ನೀಲೀನೇ ತಂದಿದ್ದೆ."

ಪೌಚಿನ ಜಿಪ್ಪು ಎಳೆದ. ಒಳಗೆ ಎರಡು ಕಪ್ಪು ಪೆನ್ನಿನ ಒಂದು ಪೊಟ್ಟಣ, ಇನ್ನೂ ಒಡೆಯದ್ದು. ಹಲ್ಲಿನಿಂದ ಕಚ್ಚಿ ಹರಿದು ಒಂದನ್ನು ಅವಳ ಮುಂದೆ ಹಿಡಿದ.

ಬೃಂದಾ ಪ್ಯಾಡನ್ನು ಗೋಡೆಗೆ ಒರಗಿಸಿ, ಪೆನ್ನು ತೆಗೆದುಕೊಂಡು, ಮುಚ್ಚಳ ಬಿಚ್ಚಿ, ಅಂಗೈ ಮೇಲೆ ಒಂದು ಗೆರೆ ಎಳೆದು ನೋಡಿ, ಒಳಗೆ ಹೋದಳು.