ಬಿಗಿಯಾಗಿರದ ಕುಲಾವಿ

ಮೊನ್ನೆ ತಂಗಿಯ ಮಗಳನ್ನು ಕರೆದುಕೊಂಡು ಕೊಟ್ಟೂರಿನ ಸಂತೆಗೆ ಹೋಗಿದ್ದೆ. ಉಲ್ಲನ್ ಉಂಡೆಗಳನ್ನು ಗುಡ್ಡೆ ಹಾಕಿದ್ದ ಅಂಗಡಿಯ ಮುಂದೆ ನಿಂತಾಗ ಹೊಸ ಉಲ್ಲನ್ನಿನ ವಾಸನೆ ಮೂಗಿಗೆ ಬಂತು. ತಂಗಿ ತೀರಿಕೊಂಡು ವರ್ಷವಾಗುತ್ತ ಬಂತು...

ಶಾಲೆ ಬಿಟ್ಟ ಮೇಲೆ ನಾವಿಬ್ಬರೂ ಕೂಡ್ಲಿಗಿಯ ತವರಿನಲ್ಲಿ ಕ್ರೋಶಾ ಹೆಣಿಗೆ ಕಲಿತೆವು. ಕಲಿಸಿದವರು ಪಕ್ಕದ ಮನೆಯ ಖಾಲಾ. ನಮಾಜಿನ ಟೋಪಿ ಹೆಣೆಯುತ್ತಿದ್ದರು. ನನ್ನ ಕೈ ಬಿಗಿ. ದಾರ ಎಳೆದೆಳೆದು ಹೆಣೆದರೆ ಮುಂದಿನ ಸಾಲಿಗೆ ಕಡ್ಡಿಯೇ ತೂರುತ್ತಿರಲಿಲ್ಲ. ಅದೇ ದಾರದಲ್ಲಿ ತಂಗಿ ಜಾಳಿಗೆ ಹೆಣೆದರೆ ಕಣ್ಣುಗಳೆಲ್ಲ ಒಂದೇ ಸಮ. ಒಂದೇ ಕಡೆ ಹಲವು ಎಳೆ ಸೇರಿಸಿ ಉಬ್ಬಿಸುವ ಗಂಟಿಗೆ ಖಾಲಾ ಮಂಡಕ್ಕಿ ಅನ್ನುತ್ತಿದ್ದರು. ಅವಳ ಮಂಡಕ್ಕಿ ಆಗತಾನೆ ಹುರಿದಂತಿರುತ್ತಿತ್ತು, ನನ್ನದು ಗಾಳಿಗೆ ಮೆತ್ತಗಾದಂತೆ. ಖಾಲಾ ನನ್ನೆದುರೇ ಅವಳ ಬೆರಳು ಹಿಡಿದು ಮೆಚ್ಚುತ್ತಿದ್ದರು. ನಾನೂ ನಗುತ್ತಿದ್ದೆ. ಹೊಟ್ಟೆ ಮಾತ್ರ ಉರಿಯುತ್ತಿತ್ತು...

ನನಗೆ ಮಗ ಹುಟ್ಟಿ ಗಂಡನ ಮನೆಗೆ ಬಂದ ಮೇಲೆ ತಂಗಿ ಕೂಸಿಗೊಂದು ಕುಲಾವಿ ಹೆಣೆದು ತಂದಳು. ಜಾಳಿಗೆಯ ನಡುನಡುವೆ ಮಂಡಕ್ಕಿಯ ಸಾಲು. ನಾನು ಮಾಡಿದ್ದನ್ನು ಎಂದೂ ಹೊಗಳದ ಅತ್ತೆ ಅದನ್ನು ಓಣಿಗೆಲ್ಲ ತೋರಿಸಿ, "ಕೈ ಅಂದ್ರ ಇಂಥಾ ಕೈ ಇರಬೇಕು ನೋಡ್ರಿ" ಅಂದರು.

ಮರುದಿನ, ಕೂಸಿನ ತಲೆಗೆ ಬಿಗಿಯಾಗುತ್ತದೆ ಎಂದು ಅದನ್ನು ತಂಗಿಯ ಕೈಗೇ ವಾಪಸ್ ಕೊಟ್ಟೆ. ಬಿಗಿ ಇರಲಿಲ್ಲ. ಅವಳು ಬಿಚ್ಚಿ, ಅದೇ ದಾರದಲ್ಲಿ ಮತ್ತೆ ಹೆಣೆದು ತಂದಳು. ಸಡಿಲಾಯಿತು, ಕಣ್ಣ ಮೇಲೆ ಜಾರುತ್ತದೆ ಅಂದೆ. ಮತ್ತೆ ಬಿಚ್ಚಿದಳು. ಬಿಚ್ಚಿ ಬಿಚ್ಚಿ ಹೆಣೆದದ್ದಕ್ಕೆ ಉಲ್ಲನ್ ಜುಂಜೆದ್ದು ಜಾಳಿಗೆಯ ಕಣ್ಣುಗಳು ಮುಚ್ಚಿಹೋದವು, ಮಂಡಕ್ಕಿ ಚಪ್ಪಟೆಯಾಯಿತು.

"ಅಕ್ಕಾ, ಯಾಕೋ ನನ್ನ ಕೈಗೆ ಅಳತೀನ ಸಿಗವಲ್ದು," ಅಂದಳು.

"ಹೋಗ್ಲಿ ಬಿಡವಾ. ಅಂಗಡ್ಯಾಗ ಒಂದು ತರ್ತೀನಿ," ಅಂದೆ.

ಅವಳು ಮತ್ತೆಂದೂ ಕಡ್ಡಿ ಹಿಡಿಯಲಿಲ್ಲ. ಯಾರಾದರೂ ಕೇಳಿದರೆ ತನಗೆ ಬರುವುದಿಲ್ಲ ಎನ್ನುತ್ತಿದ್ದಳು. ಪಕ್ಕದಲ್ಲೇ ಕೂತು ಕೇಳಿಸಿಕೊಂಡು ಸುಮ್ಮನಿದ್ದೇನೆ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಅಂದುಕೊಳ್ಳುವಷ್ಟರಲ್ಲಿ ಅವಳೇ ಹೋಗಿಬಿಟ್ಟಳು...

ಮೊನ್ನೆ ಅಂಗಡಿಯಲ್ಲಿ ಅವಳ ಮಗಳು ಉಲ್ಲನ್ ಸವರುತ್ತ, "ನೀನ ಕಲಿಸು ದೊಡ್ಡವ್ವಾ. ನಮ್ಮವ್ವಗ ಇದು ಬರ್ತಿದ್ದಿಲ್ಲಲ್ಲ," ಅಂದಳು.

"ಬರ್ತಿತ್ತು," ಅಂದೆ.

"ನಿನಗಿಂತ ಛಲೋನಾ?"

ಹೌದು ಅನ್ನಬೇಕಿತ್ತು, ಅಷ್ಟೇ. ಮಣ್ಣಿಗೆ ಹೋದವಳ ಮೇಲೂ ನನಗಿನ್ನೂ ಹೊಟ್ಟೆಕಿಚ್ಚು ಆರಿಲ್ಲ ಅನ್ನುವುದು ಆಗ ಗೊತ್ತಾಯಿತು.

"ಯಾವ ಬಣ್ಣ ಬೇಕು, ಆರಿಸ್ಕೋ," ಅಂದೆ.