ಅತ್ತಿಗೆಯ ಧ್ವನಿ ಹೇಳಿದ ಸ್ವಲ್ಪ ಹೊತ್ತು

ನಮ್ಮ ಅತ್ತಿಗೆಯ ಮುಖ ಕಂಡವರು ಕಡಿಮೆ, ಧ್ವನಿ ಕೇಳಿದವರಿಗೆ ಲೆಕ್ಕವಿಲ್ಲ. ವಿಮಾನ ನಿಲ್ದಾಣದಲ್ಲಿ ಪ್ರಕಟಣೆ ಓದುವ ಕೆಲಸ ಅವರದಾಗಿತ್ತು. ಆಮೇಲೆ ಅವರ ವಾಕ್ಯಗಳನ್ನೆಲ್ಲ ರೆಕಾರ್ಡ್ ಮಾಡಿಕೊಂಡರು. ಅತ್ತಿಗೆಯನ್ನು ಮನೆಗೆ ಕಳಿಸಿದರು, ಧ್ವನಿಯನ್ನು ಇಟ್ಟುಕೊಂಡರು. ಊಟ ತಡವಾದಾಗ ನಾನು ಅಡುಗೆಮನೆ ಬಾಗಿಲಲ್ಲಿ ನಿಂತು, ವಿಮಾನ ಯಾವಾಗ ಇಳಿಯುತ್ತೆ ಎಂದು ಕಾಡಿಸುತ್ತಿದ್ದೆ. ಸ್ವಲ್ಪ ಹೊತ್ತಿನಲ್ಲಿ ಎಂದು ಅದೇ ಧ್ವನಿಯಲ್ಲಿ ಹೇಳಿ ನಗುತ್ತಿದ್ದರು.

ಅವರ ತಾಯಿ ಆಸ್ಪತ್ರೆಯಲ್ಲಿ ಮಗಳ ದಾರಿ ಕಾಯುತ್ತಿದ್ದ ದಿನ ವಿಮಾನ ಹೊತ್ತಿಗೆ ಸರಿಯಾಗಿ ಹೊರಡಲೇ ಇಲ್ಲ. ರೈಲಿಗೆ ಹೋಗೋಣ ಎಂದು ಜೊತೆಗಿದ್ದ ನಾನು ಬಡಕೊಂಡೆ. ಅತ್ತಿಗೆ ಜಪ್ಪಯ್ಯ ಅಂದರೂ ಏಳಲಿಲ್ಲ. ತಲೆಯ ಮೇಲಿನ ಸ್ಪೀಕರ್ ಅವರದೇ ಧ್ವನಿಯಲ್ಲಿ, ವಿಮಾನ ಸ್ವಲ್ಪ ಹೊತ್ತಿನಲ್ಲಿ ಹೊರಡಲಿದೆ ಎನ್ನುತ್ತಿತ್ತು. ಎಂದೋ ಓದಿಕೊಟ್ಟ ವಾಕ್ಯ ಅದು ಎಂದು ಅವರಿಗೆ ಗೊತ್ತು. ಆದರೂ ನಂಬಿ ಕೂತರು. ಕೊನೆಗೂ ಆಸ್ಪತ್ರೆ ಮುಟ್ಟಿದಾಗ ನರ್ಸ್ ಖಾಲಿ ಮಂಚಕ್ಕೆ ಹೊಸ ಹೊದಿಕೆ ಹಾಸುತ್ತಿದ್ದಳು. ಅತ್ತಿಗೆ ಅಳಲಿಲ್ಲ. ಹೊದಿಕೆಯ ಒಂದು ತುದಿ ಹಿಡಿದು ಎಳೆದುಕೊಟ್ಟರು.

ಅಂದಿನಿಂದ ಅವರ ನಗುವೂ ಇಲ್ಲ, ಮುನಿಸೂ ಇಲ್ಲ. ಕಾದು ಕೂತದ್ದು ನನ್ನದೇ ತಪ್ಪು ಎಂದು ಒಮ್ಮೆ ಅಣ್ಣನ ಹತ್ತಿರ ಹೇಳಿದ್ದರಂತೆ, ಅಷ್ಟೆ. ಆ ತಪ್ಪು ಅವರದಲ್ಲ ಎಂದು ಯಾರಾದರೂ ದೊಡ್ಡವರ ಬಾಯಲ್ಲಿ ಹೇಳಿಸಬೇಕೆಂಬ ಹಟ ನನಗೆ ಹಿಡಿಯಿತು. ಪರಿಹಾರ ಕೇಳಿ ಗ್ರಾಹಕರ ನ್ಯಾಯಾಲಯಕ್ಕೆ ದೂರು ಕೊಡಿಸಿದೆ. ಸಿಟ್ಟೆಲ್ಲ ನನ್ನದು, ಅವರದು ಬರೀ ಸಹಿ.

ವಿಮಾನ ಕಂಪನಿಯ ವಕೀಲ ಆಸಾಮಿ ಗಟ್ಟಿ. ತಡವಾಗುವುದನ್ನು ತಿಳಿಸುತ್ತಲೇ ಇದ್ದೆವು, ಬೇರೆ ದಾರಿ ಹಿಡಿಯದೆ ಕೂತದ್ದು ಇವರ ತಪ್ಪು ಎಂದು ವಾದಿಸಿ, ಪ್ರಕಟಣೆಯ ರೆಕಾರ್ಡಿಂಗ್ ಹಾಕಿಸಿದ.

ನ್ಯಾಯಾಧೀಶರು ಕೇಳಿದರು, "ಯಾಕಮ್ಮ ಕಾದಿರಿ?"

"ಅದು ನನ್ನ ಧ್ವನಿ ಸಾರ್," ಎಂದರು ಅತ್ತಿಗೆ. "ಬೇರೆಯವರದ್ದಾಗಿದ್ರೆ ಎದ್ದು ಹೋಗ್ತಿದ್ದೆ."

ತೀರ್ಪು ನಮ್ಮ ಕಡೆಗೇ ಬಂತು. ತಪ್ಪು ಕಂಪನಿಯದು, ಪ್ರಯಾಣಿಕರದಲ್ಲ ಎಂಬ ಸಾಲನ್ನು ಬೇಕೆಂದೇ ಮತ್ತೆ ಮತ್ತೆ ಓದಿ ಹೇಳಿದೆ. ಹೌದಾ ಎಂದು ಅತ್ತಿಗೆ ಬಟ್ಟೆ ಮಡಿಸುತ್ತಾ ಕೂತರು.

ಪರಿಹಾರದ ಚೆಕ್ಕಿಗೆ ವಿಮಾನ ನಿಲ್ದಾಣದ ಕಚೇರಿಗೇ ಹೋಗಬೇಕಾಯಿತು. ಸಹಿ ಹಾಕಿ ಹೊರಬಂದಾಗ ಸ್ಪೀಕರ್ ಮತ್ತದೇ ಮಾತು ಶುರುಮಾಡಿತು. ಬೆಂಚಿನ ಮೇಲೆ ಚೀಲ ಅಪ್ಪಿಕೊಂಡು ಕೂತಿದ್ದ ಮುದುಕರೊಬ್ಬರು ತಲೆಯೆತ್ತಿ, ಸ್ವಲ್ಪ ಹೊತ್ತು ಅಂದರೆ ಎಷ್ಟು ಹೊತ್ತು ಎಂದು ತಮ್ಮಷ್ಟಕ್ಕೆ ಕೇಳಿಕೊಂಡರು.

ಅತ್ತಿಗೆ ನಿಂತರು.

"ಅವಳ ಮಾತು ನಂಬಬೇಡಿ ಯಜಮಾನ್ರೇ," ಎಂದರು. "ರೈಲಿಗೆ ಹೋಗಿ."